ನೀರಿನಲ್ಲಿ ನೆಟ್ಟ ಕಂಬ

ಮುಚ್ಚಳಿಕೆಗೆ ಸಹಿ ಹಾಕುವುದು ನನಗೆ ಹೊಸದಲ್ಲ. ದಾವಣಗೆರೆಯಲ್ಲಿ ಶಾಮಿಯಾನ, ಕುರ್ಚಿ, ಮೈಕ್ ಒದಗಿಸುವವನ ಕೈಯಲ್ಲಿ ಪೊಲೀಸ್ ಠಾಣೆಯಿಂದ ಪಾಲಿಕೆಯವರೆಗೆ ಎಲ್ಲರೂ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಹತ್ತು ಗಂಟೆಗೆ ಮೈಕ್ ನಿಲ್ಲಿಸುತ್ತೇನೆ, ರಸ್ತೆಗೆ ಅಡ್ಡ ಬರುವುದಿಲ್ಲ, ನೆಟ್ಟ ಕಂಬ ಕಿತ್ತು ಗುಂಡಿ ಮುಚ್ಚುತ್ತೇನೆ. ಕೊನೆಯದು ನನ್ನ ಕಸುಬಿನ ಮೊದಲ ನಿಯಮವೂ ಹೌದು. ಕಾರ್ಯ ಮುಗಿದ ಮೇಲೆ ನಾವು ಬಂದು ಹೋದ ಗುರುತೇ ಅಲ್ಲಿ ಉಳಿಯಬಾರದು. ಆದರೆ ಆ ದಿನ ನನ್ನ ಮುಂದಿದ್ದ ಹಾಳೆಯಲ್ಲಿ ಕಂಬದ ಮಾತಿರಲಿಲ್ಲ. "ಸದರಿ ಕಾರ್ಯಕ್ರಮದಲ್ಲಿ ಪ್ರಾಣಹಾನಿ ಸಂಭವಿಸಿದಲ್ಲಿ ನಾನೇ ಹೊಣೆಗಾರನಾಗಿರುತ್ತೇನೆ" ಎಂದಿತ್ತು. ಆರು ದೋಣಿ, ಆರು ಜನ. ಸಹಿ ಹಾಕಿದೆ.

ನನಗೆ ಈಜು ಬಾರದು. ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಊರಂಚಿನ ಆ ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರದೊಂದು ಬಳಗವಿದೆ. ಎರಡು ಬೇಸಿಗೆ ಸೊಂಟಮಟ್ಟ ನೀರಿಗಿಳಿದು ಅಂತರಗಂಗೆ ಕಿತ್ತು ಕೆರೆಯ ಮುಖ ತೊಳೆದವರು ಅವರೇ. ಆ ಖುಷಿಗೆ ಏನಾದರೂ ಮಾಡಬೇಕೆಂದು ಅವರು ಯೋಚಿಸುತ್ತಿದ್ದಾಗ ಹರಿಹರದ ಟರ್ನರ್ ಒಬ್ಬರು ಬಂದರು. ಲೇತ್ ಮೇಲೆ ನಲವತ್ತು ವರ್ಷ ಕಬ್ಬಿಣ ಕಡೆದ ಕೈ ಅವರದು. ಅವರೂ ಅವರ ಐವರು ಗೆಳೆಯರೂ ಹತ್ತಡಿಯ ಫೈಬರ್ ದೋಣಿಗಳಿಗೆ ಹಳೆಯ ಎಂಜಿನ್ ರಿಪೇರಿ ಮಾಡಿ ಕೂರಿಸಿಕೊಂಡು, ರಜಾ ದಿನಗಳಲ್ಲಿ ತುಂಗಭದ್ರೆಯಲ್ಲಿ ಓಡಿಸುತ್ತಿದ್ದರು. ಹೊಳೆಯಲ್ಲಿ ಸೆಳೆತ, ಬಂಡೆ, ಮರಳು. ಪಂದ್ಯ ಆಡಿಸಲು ಅವರಿಗೆ ನಿಂತ ನೀರು ಬೇಕಿತ್ತು. ನಮ್ಮ ಕೆರೆಗೆ ಕಾಲುವೆ ನೀರು ಬರುವುದರಿಂದ ವರ್ಷವಿಡೀ ತುಂಬಿರುತ್ತದೆ, ಕುಡಿಯುವ ನೀರಿನ ಕೆರೆಯೂ ಅಲ್ಲ.

"ಪರ್ಮಿಶನ್ ಎಲ್ಲ ನಿಮ್ಮ ಕಡಿಗೆ. ನಿಮಗ ಎಲ್ಲಾ ಆಫೀಸಿನ ಮೆಟ್ಲು ಗೊತ್ತೈತೆ" ಎಂದರು ಬಳಗದ ಅಧ್ಯಕ್ಷರು. ವಿದ್ಯಾನಗರದ ನಿವೃತ್ತ ಗಣಿತ ಮೇಷ್ಟ್ರು ಅವರು, ನನಗೆ ಶಾಲೆಯಲ್ಲಿ ಪಾಠ ಹೇಳಿದವರು. ಗಣಿತದಲ್ಲಿ ನನ್ನನ್ನು ಎರಡು ಸಲ ನಪಾಸು ಮಾಡಿದ್ದರೂ ಮಾತು ತೆಗೆದುಹಾಕಲು ಬಾಯಿ ಬರಲಿಲ್ಲ.

ಅರ್ಜಿಯನ್ನು ಕಚೇರಿಯ ಎದುರಿನ ಟೈಪಿಂಗ್ ಸೆಂಟರಿನಲ್ಲಿ ಹೊಡೆಸಿದೆ. ಪವರ್ ಬೋಟ್ ಎಂದು ಬರೆಸಲು ಹೋದರೆ ಟೈಪ್ ಮಾಡುವವರು "ಕನ್ನಡದಾಗ ಬರ್ಸಿದ್ರ ಫೈಲು ಬೇಗ ಹೋಗ್ತೈತೆ ಸರ್" ಎಂದರು. ಸರಿ, "ಯಾಂತ್ರಿಕ ದೋಣಿ ಸ್ಪರ್ಧೆ" ಎಂದು ಬಾಯಲ್ಲಿ ಹೇಳಿದೆ. ಐದು ಪ್ರತಿ ತೆಗೆಸಿ, ಪಾಲಿಕೆ, ಕೆರೆಯ ಇಲಾಖೆ, ಅಗ್ನಿಶಾಮಕ, ಪೊಲೀಸು, ಮೀನು ಗುತ್ತಿಗೆ ಹಿಡಿದವರು, ಎಲ್ಲರಿಗೂ ಮುಟ್ಟಿಸಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ಆಫೀಸುಗಳ ವಿಷಯದಲ್ಲಿ ನನ್ನ ನಂಬಿಕೆ. ಈ ಸಲ ಪೂಜಾರಿಗಳೆಲ್ಲ ಯಾಕೋ ಬಹಳ ಮೆತ್ತಗಿದ್ದರು. ಒಬ್ಬ ಗುಮಾಸ್ತರು "ಒಳ್ಳೇ ಪುಣ್ಯದ ಕೆಲ್ಸ" ಎಂದು ಚಹಾ ತರಿಸಿದರು. ಮೂರು ವಾರದಲ್ಲಿ ಅನುಮತಿ ಪತ್ರ ಸೀಲು ಸಮೇತ ಕೈಗೆ ಬಂತು, ಜೊತೆಗೆ ನಾನು ಹೇಳಿದ ಆ ಮುಚ್ಚಳಿಕೆ. ಸಹಿ ಹಾಕಿ ಕೊಟ್ಟು ಮನೆಗೆ ಬಂದೆ.

ಪತ್ರವನ್ನು ಮೊದಲು ಸರಿಯಾಗಿ ಓದಿದವಳು ನನ್ನ ಹೆಂಡತಿ.

"ಏನ್ರಿ, ಈ ಯಾತ್ರಿಕರು ಯಾರ್ರಿ?"

"ಯಾವ ಯಾತ್ರಿಕರು?"

"ಯಾತ್ರಿಕ ದೋಣಿ ಅಂತ ಬರ್ದೈತೆ. ವಯಸ್ಸಾದ ಯಾತ್ರಿಕರು ಹತ್ತಿ ಇಳಿಯೋಕೆ ಹಲಗೆ ಹಾಕ್ಬೇಕಂತೆ. ಪೂಜಾ ಸಾಮಾನು ನೀರಿಗೆ ಎಸೀಬಾರದಂತೆ."

ಕಸಿದುಕೊಂಡು ನೋಡಿದೆ. ಒಂದು ಸೊನ್ನೆ ಬಿಟ್ಟುಹೋಗಿತ್ತು. ಯಾಂತ್ರಿಕ ಹೋಗಿ ಯಾತ್ರಿಕ ಆಗಿತ್ತು. ಸ್ಪರ್ಧೆ ಎಂಬುದನ್ನು ನೋಡಿಯೂ ಯಾರಿಗೂ ಅನುಮಾನ ಬಂದಿರಲಿಲ್ಲ, ತೆಪ್ಪದ ಸೇವೆಯಲ್ಲಿ ಏನೋ ಒಂದು ಆಟ ಇಟ್ಟುಕೊಂಡಿದ್ದಾರೆ ಅಂದುಕೊಂಡಿರಬೇಕು. ಆ ಗುಮಾಸ್ತರ ಚಹಾ, ಪುಣ್ಯದ ಮಾತು, ಎಲ್ಲದರ ಅರ್ಥ ಆಗ ಆಯಿತು. ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ. ಮೇಷ್ಟ್ರಿಗೆ ಫೋನ್ ಮಾಡಿದರೆ ಅವರು ನಗಲಿಲ್ಲ. "ಸೀಲು ಬಿದ್ದೈತಿಲ್ಲೋ? ಕೆದಕಬ್ಯಾಡ. ಸುಮ್ನಿರು" ಎಂದರು. ನನಗೂ ಅದೇ ಬೇಕಿತ್ತು. ಪಂದ್ಯಕ್ಕೆ ಹತ್ತು ದಿನವಿತ್ತು.

ನಾನು ನೆಲದಲ್ಲಿ ಕಂಬ ನೆಡುವವನು, ನೀರಿನಲ್ಲಿ ದಾರಿ ಗುರುತು ಮಾಡುವುದು ಹೇಗೆಂದು ತಿಳಿಯದು. ಟರ್ನರ್ ಕಾಗದದ ಮೇಲೆ ಮೊಟ್ಟೆಯಾಕಾರದ ಸುತ್ತು ಬರೆದುಕೊಟ್ಟರು. ಅದರ ಮೇಲೆ ಎಂಟು ಕಡೆ ನೀರಿನ ಕ್ಯಾನುಗಳಿಗೆ ಕೇಸರಿ ಬಣ್ಣ ಬಳಿದು ತೇಲಿಬಿಡಬೇಕು, ಪ್ರತಿಯೊಂದಕ್ಕೂ ಮರಳು ತುಂಬಿದ ಚೀಲ ಲಂಗರು. ಮೊದಲ ದಿನ ಹಗ್ಗವನ್ನು ಪೆಂಡಾಲಿನ ಜಾರುಗಂಟು ಹಾಕಿ ಕಟ್ಟಿದೆ. ಮರುದಿನ ಬೆಳಿಗ್ಗೆ ನೋಡಿದರೆ ಐದು ಕ್ಯಾನುಗಳು, ಮುಹೂರ್ತಕ್ಕೆ ಮೊದಲೇ ಬಂದ ನೆಂಟರ ಹಾಗೆ, ಏರಿಯ ಬುಡಕ್ಕೆ ಬಂದು ಸಾಲಾಗಿ ನಿಂತಿದ್ದವು. ಗಂಟು ಬದಲಿಸಿದೆ. ಹಗ್ಗ ಬಹಳ ಉದ್ದವಾದರೆ ಕ್ಯಾನು ಗಾಳಿಗೆ ಅಲೆಯುತ್ತದೆ, ಗಿಡ್ಡವಾದರೆ ಮುಳುಗುತ್ತದೆ. ಹಾಗಾಗಿ ಆಳ ಗೊತ್ತಿರಲೇಬೇಕು. ಪೆಂಡಾಲಿನ ಬಿದಿರಿಗೆ ಅಡಿಗೊಂದು ಕೆಂಪು ಟೇಪು ಸುತ್ತಿ, ಮೀನು ಹಿಡಿಯುವವರೊಬ್ಬರ ಹರಿಗೋಲಿನಲ್ಲಿ ಕೂತು, ಪ್ರಾಣ ಕೈಯಲ್ಲಿ ಹಿಡಿದುಕೊಂಡು, ಸುತ್ತಿನುದ್ದಕ್ಕೂ ಇಪ್ಪತ್ತನಾಲ್ಕು ಕಡೆ ಅಳೆದೆ. ಎಲ್ಲಿಯೂ ಒಂಬತ್ತು ಅಡಿಗೆ ಕಡಿಮೆಯಿಲ್ಲ. ನಕ್ಷೆ ಬರೆದು ಟರ್ನರ್‌ಗೆ ಕೊಟ್ಟಾಗ "ವಾಹ್ ಅಣ್ಣಾ, ಡ್ರಾಯಿಂಗ್ ಅಂದ್ರ ಇದು" ಎಂದರು. ಉಬ್ಬಿಹೋದೆ.

ಉಳಿದದ್ದು ಅನುಮತಿಯ ನಾಲ್ಕನೇ ಷರತ್ತು. "ಯಾತ್ರಿಕರ ದೋಣಿ ಸಾಗುವ ಮಾರ್ಗವನ್ನು ಸ್ಥಳೀಯ ನೀರುಗಂಟಿಯಿಂದ ಪರಿಶೀಲಿಸಿ ದೃಢೀಕರಣ ಪಡೆಯತಕ್ಕದ್ದು." ನೀರುಗಂಟಿ ಎಂದರೆ ಈಗ ನಮಗೆಲ್ಲ ಬೀದಿಯ ನಲ್ಲಿಗೆ ನೀರು ಬಿಡುವವರು. ನಮ್ಮ ಬೀದಿಯವರ ಹತ್ತಿರ ಹೋಗಿ ಸಹಿ ಕೇಳಿದೆ. ಅವರು ಕೈಯಲ್ಲಿದ್ದ ವಾಲ್ವಿನ ಕೀಲಿ ತೋರಿಸಿ ನಕ್ಕರು. "ನಾ ಪೈಪಿನ ನೀರುಗಂಟಿ ಅಣ್ಣಾ. ಕೆರಿ ನೀರುಗಂಟಿ ಬ್ಯಾರೆ. ಆನೆಕೊಂಡದಾಗ ಒಬ್ಬ ಅಜ್ಜಾರು ಅದಾರೆ, ಅವ್ರನ್ನ ಕೇಳ್ರಿ."

ಆನೆಕೊಂಡದ ಹಳೆಯ ಓಣಿಯಲ್ಲಿ ಅಜ್ಜ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವರ ಮನೆತನದ ಕೆಲಸವಾಗಿತ್ತು. ಗದ್ದೆಗಳು ಸೈಟುಗಳಾದ ಮೇಲೆ ಕೆಲಸ ಹೋಯಿತು. ನನ್ನ ನಕ್ಷೆ, ಪತ್ರ ಎರಡನ್ನೂ ಅವರ ಮುಂದೆ ಹಿಡಿದೆ. ನೋಡಲೇ ಇಲ್ಲ.

"ಇಲ್ಲೊಂದು ಸಹಿ ಹಾಕಿದ್ರಾತು ಅಜ್ಜಾರ. ನಾ ಎಲ್ಲಾ ಅಳೆದೀನಿ."

"ನೀ ಅಳೆದಿದ್ದಕ್ಕ ನಾ ಯಾಕ ಸಹಿ ಹಾಕ್ಲಿ ತಮ್ಮಾ? ನೀರು ನೋಡಿ ಹಾಕ್ತೀನಿ. ಬೆಳಕು ಹರಿಯಾಕ ಬಾ."

ಹಟಮಾರಿ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮರುದಿನ ಬೆಳಗಿನಲ್ಲಿ ಹರಿಗೋಲಿನಲ್ಲಿ ಮೂವರಿದ್ದೆವು, ಹುಟ್ಟು ಹಾಕುವ ಅದೇ ಮೀನುಗಾರ, ಅಜ್ಜ, ಮತ್ತು ಬಿದಿರು ಹಿಡಿದ ನಾನು. ನೀರು ಹಸಿರಾಗಿತ್ತು, ಗೇಣುದ್ದದ ಕೆಳಗೆ ಏನೂ ಕಾಣದು. ಅಜ್ಜ ನೀರನ್ನು ನೋಡುತ್ತಲೇ ಇರಲಿಲ್ಲ. ದಡ ನೋಡುತ್ತಿದ್ದರು. ಒಮ್ಮೆ ಏರಿಯ ಕಡೆ, ಒಮ್ಮೆ ಕೋಡಿಯ ಕಡೆ. ಸುತ್ತಿನ ಎರಡನೇ ತಿರುವಿನ ಹತ್ತಿರ ಬಂದಾಗ ಕೈ ಎತ್ತಿದರು.

"ಏರಿ ಮ್ಯಾಲಿನ ಅರಳಿಮರ ಗಿರಣಿ ಚಿಮಣಿ ಮುಂದ ಬರ್ಬೇಕು. ಕೋಡಿಕಲ್ಲು ಆ ಬೇವಿನಮರಕ್ಕ ಕೂಡ್ಬೇಕು. ಇನ್ನೊಂದೀಟು ಎಡಕ್ಕ ಹೊಡಿ."

ನಾನು ಕಣ್ಣು ಕಿರಿದು ಮಾಡಿ ಹುಡುಕಿದೆ. ಅರಳಿಮರದ ಹಿಂದೆ ನಾಲ್ಕು ಅಂತಸ್ತಿನ ಕಟ್ಟಡ, ಅದರ ಮೇಲೆ ಸೋಲಾರು, ಟ್ಯಾಂಕು. ಚಿಮಣಿ ಎಲ್ಲಿಯೂ ಇಲ್ಲ.

"ಚಿಮಣಿ ಎಲ್ಲೈತೆ ಅಜ್ಜಾರ? ಗಿರಣಿನೇ ಇಲ್ಲಲ್ಲ ಈಗ."

"ಕೆಡವಿದ್ರು. ಚಿಮಣಿ ಕೆಡವಿದ್ರ ಅದಿದ್ದ ಜಾಗ ಎಲ್ಲಿಗೆ ಹೋಗ್ತೈತೆ?"

ಹೀಗೆಂದವರೇ ಪಂಚೆ ಮೇಲೆ ಕಟ್ಟಿ, ಹರಿಗೋಲಿನ ಅಂಚು ಹಿಡಿದು, ಹೊರಗೆ ಕಾಲಿಟ್ಟರು. ನಾನು ಕೂಗಿದೆ. ಆ ಕೂಗು ಇನ್ನೂ ಬಾಯಲ್ಲಿರುವಾಗಲೇ ಅವರು ನಿಂತಿದ್ದರು.

ಕೆರೆಯ ನಟ್ಟನಡುವೆ, ಮೊಣಕಾಲುದ್ದ ನೀರಿನಲ್ಲಿ, ಕೈ ಕಟ್ಟಿಕೊಂಡು, ತಮ್ಮ ಮನೆಯ ಅಂಗಳದಲ್ಲಿ ನಿಂತಷ್ಟು ನಿರಾಳವಾಗಿ. ನನ್ನ ಬಿದಿರನ್ನು ಹರಿಗೋಲಿನ ಈ ಪಕ್ಕಕ್ಕೆ ಇಳಿಸಿದೆ. ಹನ್ನೊಂದು ಅಡಿ. ಆ ಪಕ್ಕಕ್ಕೆ ಇಳಿಸಿದೆ. ಹನ್ನೊಂದು. ಅಜ್ಜನ ಕಾಲ ಬಳಿ ಇಳಿಸಿದರೆ ಟಕ್ ಎಂದು ಕಲ್ಲಿಗೆ ಬಡಿಯಿತು. ಏರಿಯ ಮೇಲೆ ನಡೆಯುತ್ತಿದ್ದವರೆಲ್ಲ ನಿಂತು ಈ ಕಡೆ ನೋಡುತ್ತಿದ್ದರು. ನನಗೆ ಗೊತ್ತಿಲ್ಲದೆ ನನ್ನ ಎರಡೂ ಕೈಗಳು ಜೋಡಿಸಿಕೊಂಡಿದ್ದವು. ಬಿದಿರು ತೇಲಿಹೋಗಿ, ಮೀನುಗಾರ ಅದನ್ನು ಹಿಡಿದು ತರಬೇಕಾಯಿತು.

"ಇದು ಹಳೇ ತೂಬು" ಎಂದರು ಅಜ್ಜ. "ನಮ್ಮ ಮುತ್ತಜ್ಜನ ಕಾಲಕ್ಕ ಏರಿ ಇಲ್ಲಿತ್ತಂತೆ. ಆಮ್ಯಾಲೆ ಕೆರಿ ದೊಡ್ಡದು ಮಾಡಿ ಏರಿ ಆಚೆಗೆ ಕಟ್ಟಿದ್ರು. ಮಣ್ಣು ಕರಗ್ತು, ಕಲ್ಲು ನಿಂತ್ಕಂತು. ಎರಡು ಕಂಬ, ಮ್ಯಾಲೊಂದು ಹಾಸುಗಲ್ಲು, ಕೆಳಗೊಂದು."

ನಾನು ಅಳೆದ ಜಾಗ ಅಲ್ಲಿಂದ ಎರಡೇ ಮಾರು ದೂರ. ನೇರ ದಾರಿಯಲ್ಲಿ ಪೂರಾ ವೇಗ ಹಿಡಿದ ಆರು ದೋಣಿಗಳು ಒತ್ತಾಗಿ ತಿರುಗುವ ಜಾಗವೂ ಅದೇ. ದೋಣಿಯ ಎಂಜಿನ್ ನೀರೊಳಗೆ ಒಂದೂವರೆ ಎರಡಡಿ ಇಳಿದಿರುತ್ತದೆ, ಅಜ್ಜನ ಮೊಣಕಾಲಿನಷ್ಟೇ. ನನ್ನ ಸಹಿ ಇದ್ದದ್ದು ಆ ಕಲ್ಲಿನ ಮೇಲೆಯೇ.

ಮೀನುಗಾರನ ಕಡೆ ತಿರುಗಿದೆ. "ನಿಮಗ ಗೊತ್ತಿರ್ಲಿಲ್ಲೇನು?"

"ಗೊತ್ತಿತ್ತಲ್ಲ. ಇಲ್ಲಿ ಕಲ್ಲಿಗೆ ಸಿಕ್ಕಿ ಮೀನಿನ ಬಲಿ ಹರೀತೈತೆ ಅಂತ ನಾವು ಈ ಕಡಿ ಬರಾದೇ ಇಲ್ಲ. ನೀವು ಕೇಳ್ಲಿಲ್ಲ."

ಕೇಳಿರಲಿಲ್ಲ, ಹೌದು. ಅಳೆಯುವುದರಲ್ಲಿ ಮಗ್ನನಾಗಿದ್ದೆ.

ಬಳಗದವರು ಸೇರಿದರು. ಕಲ್ಲು ಎಲ್ಲಿದೆಯೆಂದು ಗೊತ್ತಾಯಿತಲ್ಲ, ಸುತ್ತನ್ನು ಸ್ವಲ್ಪ ಸರಿಸಿ ಅಂದುಕೊಂಡ ದಿನವೇ ಪಂದ್ಯ ಮುಗಿಸೋಣ ಎಂದರು ಮೇಷ್ಟ್ರು. ನನಗೂ ಅರ್ಧ ಮನಸ್ಸಿತ್ತು. ಅಗ್ನಿಶಾಮಕದವರು ಆ ದಿನಕ್ಕೆ ಏನು ತರುತ್ತಾರೆಂದು ವಿಚಾರಿಸಲು ಹೋದಾಗ ಆ ಅರ್ಧವೂ ಹೋಯಿತು. ಅವರ ಪಟ್ಟಿಯಲ್ಲಿ ಒಂದು ಹಗ್ಗ, ಎರಡು ಟ್ಯೂಬು, ಇಬ್ಬರು ಸಿಬ್ಬಂದಿ. "ಯಾತ್ರಿಕರ ದೋಣಿಗೆ ಸಾಕಲ್ರಿ. ಎಂಜಿನ್ ಬೋಟ್ ಆಗಿದ್ರ ರೆಸ್ಕ್ಯೂ ಬೋಟ್, ಈಜೋರು, ಆಂಬುಲೆನ್ಸ್ ಎಲ್ಲಾ ಕಳಿಸ್ತಿದ್ವಿ" ಎಂದರು ಅಲ್ಲಿಯ ಸಿಬ್ಬಂದಿ, ಪಾಪ, ಸಹಜವಾಗಿ. ಆ ಸೊನ್ನೆ ಕಾಗದದ ಮೇಲಷ್ಟೇ ಕಡಿಮೆಯಾಗಿರಲಿಲ್ಲ. ಅಲ್ಲಿಂದ ಹೊರಬಂದು ಮೇಷ್ಟ್ರಿಗೆ ಫೋನ್ ಮಾಡಿ, ಸೊನ್ನೆ ಹಾಕಿಸಲು ಹೋಗುತ್ತಿದ್ದೇನೆ ಎಂದೆ.

"ಪಂದ್ಯನೇ ರದ್ದಾದ್ರ?"

"ಆಗ್ಲಿ ಸರ್. ಸಹಿ ನಂದು."

ಮೇಷ್ಟ್ರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು.

ಕಚೇರಿಯಲ್ಲಿ ಚಹಾ ತರಿಸಿದ್ದ ಗುಮಾಸ್ತರಿಗೆ ವಿಷಯ ಹೇಳಿದೆ. ಅವರು ಆ ಕಡೆ ಈ ಕಡೆ ನೋಡಿ, ಜೇಬಿನಿಂದ ಪೆನ್ನು ತೆಗೆದು ಮೆಲ್ಲಗೆ, "ಒಂದು ಸೊನ್ನೆ ತಾನೆ? ಇಟ್ಕಳ್ರಿ. ಯಾರ್ ನೋಡ್ತಾರ?" ಎಂದರು. ಪೆನ್ನು ಕೈಗೂ ಬಂತು. ಅದನ್ನು ಅವರ ಮೇಜಿನ ಮೇಲೇ ಇಟ್ಟು ಅಧಿಕಾರಿಯ ಕೋಣೆಗೆ ಹೋದೆ. ಅಧಿಕಾರಿ ನಡುವಯಸ್ಸಿನ ಹೆಂಗಸು. ಮೊದಲು ಅವರಿಗೆ ಸಿಟ್ಟು ಬಂತು, ನನ್ನ ಮೇಲೂ, ತಮ್ಮ ಕಚೇರಿಯ ಮೇಲೂ. ನಾನು ಅಡ್ಡ ಮಾತಾಡಲಿಲ್ಲ. ಕಲ್ಲಿನ ವಿಷಯ ಹೇಳಿದೆ. ಇಲ್ಲದ ಚಿಮಣಿಯ ಗುರುತು ಹಿಡಿದು ಅಜ್ಜ ನೀರಿನ ನಡುವೆ ನಿಂತದ್ದನ್ನು ಹೇಳಿದೆ. ಅವರ ಪೆನ್ನು ನಿಂತಿತು.

"ಎಂಜಿನ್ ದೋಣಿ ಅಂತ ಬಂದಿದ್ರೆ ಫೈಲ್ ಬೇರೆ ಟೇಬಲ್ಲಿಗೆ ಹೋಗ್ತಿತ್ತು" ಎಂದರು. "ಶಬ್ದ, ಎಣ್ಣೆ, ವಿಮೆ, ಹೆಲ್ಮೆಟ್ ಎಲ್ಲಾ ಕೇಳ್ತಿದ್ರು. ನೀರುಗಂಟೀನ ಕೇಳ್ರಿ ಅಂತ ಆ ಟೇಬಲ್‌ನಾಗೆ ಯಾರೂ ಬರೀತಿರ್ಲಿಲ್ಲ. ಅದು ತೆಪ್ಪೋತ್ಸವದ ಹಳೇ ಷರತ್ತು."

ಬಿಟ್ಟುಹೋದ ಒಂದು ಸೊನ್ನೆ ಆ ಪತ್ರವನ್ನು ತಪ್ಪು ಮೇಜಿಗೆ ಕಳಿಸಿರದಿದ್ದರೆ, ಎಲ್ಲವೂ ಸರಿಯಾಗಿದ್ದ ಒಂದು ಅನುಮತಿ ಪತ್ರ ಹಿಡಿದು ನಾವು ಆರು ಜನರನ್ನು ಆ ಕಲ್ಲಿನ ಮೇಲೆ ಓಡಿಸುತ್ತಿದ್ದೆವು. ಅವರಿಗೂ ಅದು ಹೊಳೆದಿರಬೇಕು, ನೀರು ಕುಡಿದರು.

"ಹೊಸ ಅರ್ಜಿ ಕೊಡ್ರಿ. ಎರಡು ವಾರ ತಡ ಆಗ್ತೈತೆ. ಆರು ದೋಣಿ ಒಟ್ಟಿಗೆ ಬ್ಯಾಡ, ಮೂರು ಮೂರು ಬಿಡ್ರಿ. ನಾಲ್ಕನೇ ಷರತ್ತು ಮಾತ್ರ ನಾನು ತೆಗೆಯೋದಿಲ್ಲ."

ಟರ್ನರ್‌ಗೆ ಸುದ್ದಿ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಆ ದಿನಕ್ಕೆಂದು ಅವರು ಹಿತ್ತಾಳೆಯಲ್ಲಿ ಎರಕ ಹೊಯ್ಸಿ, ತಿಂಗಳುಗಟ್ಟಲೆ ಅರದಿಂದ ಉಜ್ಜಿ, ದೋಣಿಯನ್ನು ನೀರಿನಲ್ಲಿ ತಳ್ಳುವ ಫ್ಯಾನು ತಾವೇ ಮಾಡಿದ್ದರು. "ಒಂದು ಕಲ್ಲಿಗೆ ಹೆದ್ರಿ ಡೇಟ್ ಕ್ಯಾನ್ಸಲ್ ಮಾಡಿದ್ರೇನ್ರಿ? ಹೊಳಿಯಾಗ ಎಷ್ಟು ಕಲ್ಲು ನೋಡೀವಿ ನಾವು!" ಎಂದು ಫೋನಿನಲ್ಲೇ ರೇಗಿದರು. ವಾದ ಬೇಡ, ಬಂದು ನೋಡಿ ಭಾಯ್ ಎಂದೆ.

ಮಾರನೇ ದಿನ ಬಂದರು. ಅಜ್ಜನೂ ಬಂದರು. ಟರ್ನರ್ ಈಜು ಬಲ್ಲವರು, ನೇರ ನೀರಿಗಿಳಿದು ಕಲ್ಲನ್ನು ತಡವಿದರು. ಸಿಟ್ಟಿನಿಂದಲೇ ತಡವುತ್ತಿದ್ದವರ ಕೈ ಒಂದು ಕಡೆ ನಿಂತಿತು. ಹಾಸುಗಲ್ಲಿನ ನಡುವೆ ಒಂದು ತೂತಿತ್ತು. ತೋಳನ್ನು ಅದರೊಳಗೆ ಇಳಿಸಿದರು, ಅಂಗೈಯನ್ನು ಸುತ್ತ ತಿರುಗಿಸಿದರು, ಕಣ್ಣು ಮುಚ್ಚಿ ಮತ್ತೊಮ್ಮೆ ತಿರುಗಿಸಿದರು.

"ಯಾ ಅಲ್ಲಾ" ಎಂದರು ಮೆಲ್ಲಗೆ. "ಅಣ್ಣಾ, ಲೇತ್ ಇಲ್ದೆ ಇಷ್ಟು ರೌಂಡ್ ಹೆಂಗೆ ತೆಗೆದ್ರು? ಒಂದು ನೂಲು ಹೆಚ್ಚು ಕಡಿಮಿ ಇಲ್ಲ. ಯಾರ್ ಮಾಡಿದ್ದು ಇದನ್ನ?"

"ಕಲ್ಲುಕುಟಿಗ್ರು" ಎಂದರು ಅಜ್ಜ. "ನೀರು ಕಟ್ಟಾಕ ತೂಬಿನ ಗಳ ಆ ತೂತಿನಾಗ ಇಳೀತಿತ್ತು. ಮ್ಯಾಲಿಂದು, ಕೆಳಗಿಂದು, ಎರಡೂ ತೂತು ಒಂದೇ ಗೆರಿಗೆ. ಒಂದು ಕೂದಲು ಸರಿದ್ರೂ ಗಳ ಇಳೀತಿರ್ಲಿಲ್ಲ."

ಟರ್ನರ್ ಬಹಳ ಹೊತ್ತು ನೀರಿನಿಂದ ಮೇಲೆ ಬರಲಿಲ್ಲ. ಬಂದ ಮೇಲೆ ಡೇಟಿನ ಮಾತೆತ್ತಲಿಲ್ಲ.

ಕಲ್ಲನ್ನು ತಪ್ಪಿಸಲು ಅದರ ಮೇಲೆ ಗುರುತು ಬೇಕಿತ್ತು. ಕ್ಯಾನು ಗಾಳಿಗೆ ನಾಲ್ಕು ಮಾರು ಅಲೆಯುತ್ತದೆ, ಅದನ್ನು ನಂಬುವಂತಿಲ್ಲ. ಆಗ ನನಗೆ ಹೊಳೆಯಿತು. ನನ್ನ ಗೋದಾಮಿನಿಂದ ಇಪ್ಪತ್ತಡಿಯ ಸರ್ವೆ ಕಂಬ ತರಿಸಿದೆ. ಟರ್ನರ್ ತೂತಿನ ಅಳತೆಗೆ ಅದರ ಕೆಳಗಿನ ಅರ್ಧ ಕೆತ್ತಿದರು. ಹರಿಗೋಲಿನಲ್ಲಿ ಕೂತು ನಾನು, ಕಲ್ಲಿನ ಮೇಲೆ ನಿಂತು ಅಜ್ಜ, ನೀರಿನಲ್ಲಿದ್ದು ಟರ್ನರ್, ಮೂವರೂ ಸೇರಿ ಕಂಬವನ್ನು ತೂತಿಗೆ ಇಳಿಸಿದೆವು. ಮೇಲಿನ ಕಲ್ಲು ದಾಟಿತು. ಸ್ವಲ್ಪ ತಡೆಯಿತು. ಅಜ್ಜ ಕಂಬಕ್ಕೆ ಅಂಗೈ ಕೊಟ್ಟು ಒಂದಿಷ್ಟು ತಿರುಗಿಸಿದರು. ಕೆಳಗಿನ ಕಲ್ಲನ್ನೂ ದಾಟಿ ನೆಲಕ್ಕೆ ಕೂತಿತು. ಮೂವತ್ತು ವರ್ಷ ಕಂಬ ನೆಟ್ಟಿದ್ದೇನೆ, ಗುಂಡಿ ತೋಡಿ, ಕಲ್ಲು ಜಡಿದು, ನಾಲ್ಕು ಕಡೆ ಹಗ್ಗ ಎಳೆದು. ಈ ಕಂಬಕ್ಕೆ ಒಂದು ಹಗ್ಗವೂ ಬೇಕಾಗಲಿಲ್ಲ. ಅಲ್ಲಾಡಿಸಿ ನೋಡಿದೆ. ಹರಿಗೋಲೇ ಅಲ್ಲಾಡಿತು. ನನಗೆ ಅಳು ಬಂದಂತಾಯಿತು, ಮುಖಕ್ಕೆ ನೀರೆರಚಿಕೊಂಡು ಮರೆಸಿದೆ.

ಹೊಸ ಅನುಮತಿ ಬಂತು, ಸೊನ್ನೆ ಸಮೇತ. ಹೊಸ ಮುಚ್ಚಳಿಕೆಯೂ ಬಂತು. ನಾಲ್ಕನೇ ಷರತ್ತಿನ ಕೆಳಗೆ ಅಜ್ಜ ಸಹಿ ಹಾಕಿದರು, ನಿಧಾನವಾಗಿ, ಒಂದೊಂದೇ ಅಕ್ಷರ. ಆಮೇಲೆ ನನ್ನ ಹಾಳೆ ತೋರಿಸಿ, "ನಿಂದರಾಗ ಏನ್ ಬರ್ದೈತೆ?" ಎಂದರು. ಪ್ರಾಣಹಾನಿಯಾದರೆ ನಾನೇ ಹೊಣೆ ಎಂಬುದನ್ನು ಓದಿ ಹೇಳಿದೆ.

"ನಮ್ಮಪ್ಪನ ಕೈಯಾಗ ಯಾರೂ ಇಂಥದ್ದು ಬರೆಸ್ಕಳ್ಲಿಲ್ಲ" ಎಂದರು. "ಮಳಿಗಾಲದಾಗ ಏರಿ ಮ್ಯಾಲೇ ಮಲಗ್ತಿದ್ದ."

ಪಂದ್ಯದ ದಿನ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆರೂ ಜನರ ಮೈಗೆ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು, ಮಣಿಕಟ್ಟಿಗೆ ಎಂಜಿನ್ನಿನ ದಾರ. ಸವಾರ ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ತಾನೇ ನಿಲ್ಲಬೇಕು. ಅದನ್ನು ಒಬ್ಬೊಬ್ಬರದೂ ಎಳೆದು ನೋಡಿದೆ. ರೆಸ್ಕ್ಯೂ ಬೋಟು ಕೋಡಿಯ ಬಳಿ ಸಿದ್ಧವಿತ್ತು. ಮೊದಲ ಮೂರು ದೋಣಿಗಳು ಮೂಗೆತ್ತಿ ಹೊರಟಾಗ ಎದ್ದ ಸದ್ದು ನನ್ನ ಎಲ್ಲ ಮೈಕುಗಳನ್ನು ನುಂಗಿಹಾಕಿತು. ಜನ ಕೇಕೆ ಹಾಕಿದರು. ನನಗೆ ದೋಣಿ ಕಾಣುತ್ತಿರಲಿಲ್ಲ, ಎರಡನೇ ತಿರುವು ಮಾತ್ರ ಕಾಣುತ್ತಿತ್ತು. ಟರ್ನರ್ ದೋಣಿ ಕಂಬದ ಹತ್ತಿರ ಬಂತು. ನೊರೆಯ ದೊಡ್ಡ ಬಿಲ್ಲೊಂದನ್ನು ಎಳೆಯುತ್ತ ಕಂಬದ ತುದಿಗೆ ಕಟ್ಟಿದ್ದ ಕೆಂಪು ಬಾವುಟದ ಹೊರಗಿನಿಂದ ಹಾದುಹೋದರು. ಹಾದುಹೋಗುವಾಗ ಒಂದು ಕೈ ಎತ್ತಿ ಕಂಬಕ್ಕೆ ಸಲಾಂ ಮಾಡಿದರು. ಆ ಸಲಾಮಿನಿಂದಲೇ ಹಿಂದೆ ಬಿದ್ದರು, ಕೊನೆಯವರಾಗಿ ಬಂದರು. ಪಕ್ಕದಲ್ಲಿ ನಿಂತಿದ್ದ ಅಜ್ಜನೂ ದೋಣಿಗಳನ್ನು ನೋಡುತ್ತಿರಲಿಲ್ಲ. ಇಬ್ಬರೂ ಕಂಬವನ್ನೇ ನೋಡುತ್ತ ನಿಂತಿದ್ದೆವು. ಅಲೆಗಳು ಬಡಿದವು, ಅದು ಮಿಸುಕಲಿಲ್ಲ.

ಆರೂ ಜನ ದಡ ಹತ್ತಿದರು. ಒಬ್ಬೊಬ್ಬರನ್ನೂ ಎಣಿಸಿದೆ, ಎರಡು ಸಲ.

ಸಂಜೆಗೆ ಮುಂಚೆ ಎಲ್ಲ ಬಿಚ್ಚಿದೆವು. ಶಾಮಿಯಾನ, ಮೈಕು, ಎಂಟು ಕ್ಯಾನು, ಎಂಟು ಮರಳುಚೀಲ. ಏರಿಯ ಮೇಲಿನ ಗುಂಡಿಗಳನ್ನು ಮುಚ್ಚಿ ತುಳಿದೆವು. ಕೊನೆಗೆ ಹರಿಗೋಲಿನಲ್ಲಿ ಕೂತು ಕಂಬ ಕೀಳಲು ಹೋದೆ. ಬಾವುಟ ಬಿಚ್ಚಿ ಮಡಚಿಟ್ಟುಕೊಂಡೆ. ಕಂಬಕ್ಕೆ ಎರಡೂ ಕೈ ಹಾಕಿದೆ. ಹಾಸುಗಲ್ಲು ಕಣ್ಣಿಗೆ ಕಾಣದೆ ನೀರಿನ ಕೆಳಗಿತ್ತು. ದಡದ ಕಡೆ ತಿರುಗಿದೆ. ಅಜ್ಜ ಇನ್ನೂ ಅಲ್ಲಿಯೇ ನಿಂತಿದ್ದರು. ಅವರ ನಂತರ ಇಲ್ಲದ ಚಿಮಣಿಯನ್ನು ನೋಡಬಲ್ಲವರು ಯಾರೂ ಇರಲಿಲ್ಲ.

ಕೈ ತೆಗೆದೆ. ಮರುದಿನ ಅಧಿಕಾರಿಗೆ ಒಂದು ಸಾಲಿನ ಪತ್ರ ಬರೆದು ಕಂಬ ಇರಲಿ ಎಂದು ಕೇಳಿಕೊಂಡೆ, ಇರಲಿ ಎಂದು ಬರೆದು ಸಹಿ ಹಾಕಿದರು. ಬೆಳಿಗ್ಗೆ ನಡೆಯುವವರು ಅದೇನು ಕಂಬ ಎಂದು ಈಗಲೂ ಕೇಳುತ್ತಾರೆ. ನಾನು ನೆಟ್ಟು ಕೀಳದೆ ಬಂದದ್ದು ಅದೊಂದೇ.